ಬೀದರಕರರ ಮೂರು ಗೆರೆ

ನಮ್ಮ ಗ್ಯಾಲರಿಗೆ ಚಿತ್ರ ಕೊಳ್ಳಲು ಬರುವವರು ಚಿತ್ರದ ಮುಖ ನೋಡುವ ಮೊದಲು ಅದರ ಬೆನ್ನು ನೋಡುತ್ತಾರೆ. ಗೋಡೆಯಿಂದ ಇಳಿಸಿ, ತಿರುಗಿಸಿ, ಹಿಂದಿನ ಹಲಗೆಯ ಮೇಲೆ ವಿಭೂತಿಯ ಮೂರು ಗೆರೆ ಇದ್ದರೆ ತಲೆಯಾಡಿಸಿ, ಆಮೇಲೆ ಮುಂದೇನಿದೆ ಎಂದು ನೋಡುತ್ತಾರೆ. ಕನ್ಯೆ ನೋಡಲು ಬಂದವರು ಹುಡುಗಿಯ ಜಡೆಯನ್ನಷ್ಟೇ ನೋಡಿ ಎದ್ದು ಹೋದ ಹಾಗೆ. ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಚಿತ್ರ ಬರೆದವನು ಬೆವರು ಸುರಿಸಿದ್ದು ಆ ಕಡೆ, ಇವರ ಕಣ್ಣು ಈ ಕಡೆ!

ನಾನು ಮಂಜುಶ್ರೀ, ನಾಸಿಕದ ಪಂಚವಟಿಯಲ್ಲಿರುವ ಬೀದರಕರ್ ಕಲಾದಾಲನ ಎಂಬ ಈ ಗ್ಯಾಲರಿಯ ಮನೆಯ ಹಿರಿಯ ಸೊಸೆ. ನಮ್ಮ ನಿಜವಾದ ಅಡ್ಡಹೆಸರು ಬಿರಾದಾರ. ಬೀದರ್ ಕಡೆಯಿಂದ ಬಂದವರೆಂದು ಓಣಿಯ ಮರಾಠಿ ಜನ ಬೀದರಕರ್ ಎಂದು ಕರೆಯತೊಡಗಿದರು. ಮಾವ ವಿಶ್ವನಾಥಪ್ಪನವರು ಜಗಳವಾಡುವ ಬದಲು ಅದನ್ನೇ ಬೋರ್ಡಿಗೆ ಬರೆಸಿಬಿಟ್ಟರು. ಈಗ ನಮ್ಮ ಲೈಟ್ ಬಿಲ್ಲೂ ಬೀದರಕರ್ ಹೆಸರಿನಲ್ಲೇ ಬರುತ್ತದೆ.

ಮಾವ ಬಸವಕಲ್ಯಾಣದಿಂದ ಬಂದು ರಾಮಕುಂಡದ ಹತ್ತಿರದ ಗಲ್ಲಿಯಲ್ಲಿ ಮೊದಲು ಹಾಕಿದ್ದು ಫ್ರೇಮಿನ ಅಂಗಡಿ. ಗೋದಾವರಿಯಲ್ಲಿ ಮುಳುಗೆದ್ದ ಯಾತ್ರಿಕರು ರಾಮ, ಸೀತೆ, ಸಪ್ತಶೃಂಗಿ ದೇವಿಯ ಪಟಗಳನ್ನು ಕೊಳ್ಳುತ್ತಿದ್ದರು, ಮಾವ ಕಟ್ಟು ಹಾಕಿ ಕೊಡುತ್ತಿದ್ದರು. ಹೊಳೆಯ ಮೆಟ್ಟಿಲುಗಳ ಘಾಟಿನ ಮೇಲೆ ಕುಳಿತು ಚಿತ್ರ ಬರೆಯುವ ಹುಡುಗರೂ ಫ್ರೇಮು ಹಾಕಿಸಲು ಬರುತ್ತಿದ್ದರು. ಅವರ ಚಿತ್ರ ತೂಗುಹಾಕಲು ಊರಿನಲ್ಲಿ ಜಾಗವಿರಲಿಲ್ಲ. ಮಾವ ರಾಮನಿಗೂ ದೇವಿಗೂ ನಡುವೆ ಒಂದು ಮೊಳೆ ಹೊಡೆದು ಒಂದು ಘಾಟಿನ ಚಿತ್ರ ತೂಗುಹಾಕಿದರು. ಯಾರೋ ಕೊಂಡರು. ಇನ್ನೊಂದು ಮೊಳೆ ಹೊಡೆದರು. ಹೀಗೇ ವರ್ಷ ಕಳೆದಂತೆ ದೇವರು ಕೆಳಗಿನ ಹಲಗೆಗೆ ಇಳಿದರು, ಘಾಟು ಗೋಡೆಯ ಮೇಲೇರಿತು. ಫ್ರೇಮಿನ ಅಂಗಡಿ ಗ್ಯಾಲರಿಯಾದದ್ದು ಹೀಗೆ. ಇದರಲ್ಲಿ ಮಹಾ ಇತಿಹಾಸವೇನೂ ಇಲ್ಲ, ಒಂದಿಷ್ಟು ಮೊಳೆಗಳಿವೆ.

ಹೆಸರು ಬಂದದ್ದು ಮಾವನ ಬಾಯಿಂದ. ಒಬ್ಬ ಕಾಂಟ್ರ್ಯಾಕ್ಟರ್ ತನ್ನ ಬಂಗಲೆಗೆಂದು ಗೋಡೆಯಗಲದ ಒಂದು ಚಿತ್ರ ಕೇಳಿದಾಗ ಮಾವ, “ಸಾಹೇಬ್ರ, ಇದು ಚಲೋ ಇಲ್ರಿ, ದೊಡ್ಡದದ ಅಷ್ಟೇ” ಎಂದರಂತೆ. ಆ ಮನುಷ್ಯ ಸಿಟ್ಟಾಗಿ ಹೋದ. ಮರುವಾರ ತಮ್ಮನನ್ನೂ ಕರೆದುಕೊಂಡು ಬಂದು, “ಚಲೋದು ಯಾವುದು, ನೀವೇ ಹೇಳಿ” ಎಂದ. ದೊಡ್ಡ ಬೆಲೆಯ ಚಿತ್ರ ಕೊಳ್ಳಲಾಗದವರಿಗೆ ಮಾವ ನಕಲು ಮಾಡಿಸಿಯೂ ಕೊಡುತ್ತಿದ್ದರು. ಶಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಕಮಲಾಬಾಯಿ ಎಂಬಾಕೆ ಮನೆಯಲ್ಲಿ ಕುಳಿತು ನಕಲು ತೆಗೆಯುತ್ತಿದ್ದರು. ನಕಲು ಎಂದು ಬಾಯಿಬಿಟ್ಟು ಹೇಳಿಯೇ ಮಾರುತ್ತಿದ್ದರು. ಅದರಲ್ಲಿ ಮುಚ್ಚುಮರೆ ಇರಲಿಲ್ಲ.

ಇನ್ನು ಆ ವಿಭೂತಿಯ ಕಥೆ. ಅದು ಅತ್ತೆ ನಾಗಮ್ಮನವರದು. ನಮ್ಮ ಮನೆಯಲ್ಲಿ ಹೊಸ್ತಿಲು ದಾಟಿ ಹೊರಡುವ ಯಾರಿಗೇ ಆಗಲಿ, ಶಾಲೆಗೆ ಹೋಗುವ ಮಗುವಿರಲಿ ಊರಿಗೆ ಹೊರಟ ನೆಂಟರಿರಲಿ, ಅತ್ತೆ ಹಣೆಗೆ ವಿಭೂತಿ ಹಚ್ಚದೆ ಕಳಿಸುವವರಲ್ಲ. ಅಂಗಡಿಯ ಚಿತ್ರಗಳೂ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಂಥವೇ ಅಲ್ಲವೇ? ಅದಕ್ಕೆ ವಿಭೂತಿಯಲ್ಲಿ ಎರಡು ಹನಿ ಗೋಂದು ಕಲಸಿ, ಚೌಕಟ್ಟಿನ ಹಿಂದೆ ಮೂರು ಬೆರಳಿನಿಂದ ಎಳೆದುಬಿಡುತ್ತಿದ್ದರು. ಘಾಟಿನ ಚಿತ್ರಕ್ಕೆ, ರಾಮನ ಪಟಕ್ಕೆ, ಯಾರದೋ ಬಿ.ಎ. ಸರ್ಟಿಫಿಕೇಟಿಗೆ, ಸಲೂನಿನ ಕನ್ನಡಿಗೆ, ಎಲ್ಲಕ್ಕೂ. ಕಮಲಾಬಾಯಿಯ ನಕಲುಗಳಿಗೂ. ಈಗಲೂ ಹಚ್ಚುತ್ತಾರೆ, ಕೈ ನಡುಗುತ್ತದೆ ಅಷ್ಟೇ.

ಘಾಟಿನ ಹುಡುಗರಲ್ಲಿ ನಚಿಕೇತ ಎಂಬವರು ಮುಂದೆ ದೊಡ್ಡ ಹೆಸರು ಮಾಡಿದರು. ತೀರಿಕೊಂಡ ಮೇಲೆ ಇನ್ನೂ ದೊಡ್ಡ ಹೆಸರಾಯಿತು. ಅವರ ಹಳೆಯ ಜಲವರ್ಣ ಚಿತ್ರಗಳೆಲ್ಲ ನಮ್ಮಲ್ಲೇ ಮಾರಾಟವಾದವು, ಆದ್ದರಿಂದ ಎಲ್ಲದರ ಹಿಂದೆಯೂ ಅತ್ತೆಯ ವಿಭೂತಿ ಇದ್ದೇ ಇತ್ತು. ಪುಣೆಯ ಪತ್ರಿಕೆಯೊಂದರಲ್ಲಿ ಯಾರೋ ಜಾಣರು ಇದನ್ನು ಬರೆದರು, ನಚಿಕೇತರ ಚಿತ್ರದ ಹಿಂದೆ ಬೀದರಕರರ ಮೂರು ಬೂದಿ ಗೆರೆಗಳಿರುತ್ತವೆ ಎಂದು. ಅವರು ಬರೆದದ್ದು ಸುಳ್ಳಲ್ಲ. ಓದಿದವರು ಅದನ್ನು ತಿರುಗಿಸಿಕೊಂಡರು. ಮೂರು ಗೆರೆ ಇದ್ದರೆ ಅಸಲು ಎಂದಾಯಿತು.

ನನ್ನ ಮೈದುನ ರವಿಕಾಂತ ಆಗಿನ ಔರಂಗಾಬಾದಿನಲ್ಲಿ, ಈಗಿನ ಸಂಭಾಜಿನಗರದಲ್ಲಿ, ನಮ್ಮ ಇನ್ನೊಂದು ಗ್ಯಾಲರಿ ತೆರೆದಿದ್ದ. ಎಲ್ಲೋರಾ ಎನ್ನುವ ವೇರುಳದ ಗುಹೆ, ಖುಲ್ತಾಬಾದಿನ ದರ್ಗಾ ನೋಡಿ ಬರುವ ಜನ ಅವನ ಗಿರಾಕಿಗಳು. ಅವನು ಬಣ್ಣದ ಪುಸ್ತಿಕೆ ಅಚ್ಚು ಹಾಕಿಸಿದ. ಮರಾಠಿ, ಹಿಂದಿ, ಇಂಗ್ಲಿಷು ಮೂರರಲ್ಲೂ ‘ಹಿಂದೆ ಮೂರು ಗೆರೆ ಇದ್ದರೆ ಅಸಲು, ಇದು ಬೀದರಕರರ ಮಾತು’ ಎಂದು ದಪ್ಪಕ್ಷರದಲ್ಲಿ.

ನಾನು ಫೋನಿನಲ್ಲೇ ಬೈದೆ. “ಯಾವ ಬೀದರಕರ ಹೇಳ್ಯಾನೋ ಇದನ್ನ? ನಿಮ್ಮಪ್ಪ ಹೇಳ್ಯಾರೇನು, ನಿಮ್ಮಣ್ಣ ಹೇಳ್ಯಾರೇನು?”

“ವೈನಿ, ಇದಕ್ಕ ಮಾರ್ಕೆಟಿಂಗ್ ಅಂತಾರ್ರಿ” ಎಂದು ನಕ್ಕ.

ಇಷ್ಟು ಹಿಂದಿನ ಮಾತು. ಹೋದ ವರ್ಷ ಗ್ಯಾಲರಿಗೆ ಐವತ್ತು ತುಂಬಿತು. ಸಂಭಾಜಿನಗರದಲ್ಲಿ ನಚಿಕೇತರ ಚಿತ್ರಗಳ ದೊಡ್ಡ ಪ್ರದರ್ಶನ ಮಾಡುವುದೆಂದು ರವಿಕಾಂತ ತಯಾರಿ ನಡೆಸಿದ. ಅದಕ್ಕೆ ವಾರವಿರುವಾಗ ಒಂದು ಮಧ್ಯಾಹ್ನ ಚಾದರದಲ್ಲಿ ಸುತ್ತಿದ ಚಿತ್ರವೊಂದನ್ನು ಕಾರಿನಲ್ಲಿ ತಂದು ನನ್ನ ಮುಂದಿಟ್ಟ.

“ಗಾಜು ಒಡದದ ವೈನಿ. ಹೊಸಾ ಗಾಜು ಹಾಕಿ ಕೊಡ್ರಿ. ಪ್ರದರ್ಶನದಾಗ ಎದುರಿನ ಗ್ವಾಡಿಗೆ ಇದೇ ಇರೋದು.”

ಚಾದರ ಬಿಚ್ಚಿದೆ. ರಾಮಕುಂಡದ ಬೆಳಗು. ಮೆಟ್ಟಿಲ ಮೇಲೆ ಒದ್ದೆ ಸೀರೆ ಹರವುತ್ತಿರುವ ಹೆಂಗಸರು. ಎಡಗಡೆ ಮೂಲೆಯಲ್ಲಿ ಫ್ರೇಮಿನ ಉದ್ದ ಪಟ್ಟಿಗಳನ್ನು ಹೆಗಲ ಮೇಲೆ ಹೊತ್ತು ಇಳಿಯುತ್ತಿರುವ ಒಬ್ಬ ಯುವಕ. ಈ ಚಿತ್ರದ ಅಸಲು ನಮ್ಮ ಮಾಳಿಗೆಯ ಮೇಲೆ, ನಾನು ಮಲಗುವ ಕೋಣೆಯಲ್ಲಿತ್ತು. ನನ್ನ ಮದುವೆಗೆ ನಚಿಕೇತರೇ ಕೈಯಾರೆ ಕೊಟ್ಟದ್ದು. ಪಟ್ಟಿ ಹೊತ್ತ ಯುವಕ ನನ್ನ ಗಂಡ ಬಸವಕುಮಾರ. ಅಂಗಡಿಗೆ ಮಾಲು ಹೊತ್ತು ಘಾಟಿನಲ್ಲಿ ಹಾದುಹೋಗುವಾಗ ನಚಿಕೇತರು ಕಂಡು ಬರೆದದ್ದು. ಮುಖ ಹೆಬ್ಬೆರಳಿನ ಉಗುರಿನಷ್ಟಿದೆ, ಆದರೂ ಇವರೇ. ಭಾರ ಹೊತ್ತಾಗ ಕೆಳತುಟಿ ಕಚ್ಚುವ ಅಭ್ಯಾಸ ಇವರಿಗಿತ್ತು, ಅದೂ ಅದರಲ್ಲಿದೆ. ಕೊರೋನಾದ ಎರಡನೇ ಅಲೆ ಇವರನ್ನು ಒಯ್ದಿತು. ಕೊನೆಗೆ ಮುಖ ನೋಡಲೂ ಬಿಡಲಿಲ್ಲ. ಅಂದಿನಿಂದ ದಿನಾ ಎದ್ದ ಕೂಡಲೇ ನಾನು ನೋಡುತ್ತಿದ್ದದ್ದು ಆ ಉಗುರಿನಷ್ಟು ಮುಖವನ್ನು.

ರವಿಕಾಂತ ತಂದ ಚಿತ್ರದಲ್ಲಿ ಆ ಜಾಗದಲ್ಲಿ ಯಾರೋ ಒಬ್ಬ ಗಂಡಸಿದ್ದ. ಮೂಗು, ಬಾಯಿ ಎಲ್ಲ ಸರಿಯಾಗಿಯೇ ಇತ್ತು, ಆದರೆ ಇವರಲ್ಲ.

ಅತ್ತೆ ಅಲ್ಲೇ ಮಂಚದ ಮೇಲೆ ಮೆಂತೆ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಕಣ್ಣು ಕಿರಿದು ಮಾಡಿ ನೋಡಿ, “ಅಯ್ಯ, ಇದು ಚಾಂದವಡದ ಉಳ್ಳಾಗಡ್ಡಿ ಸಾವಕಾರಗ ಕೊಟ್ಟಿದ್ದಲ್ಲೇನು? ಕಮಲಾಬಾಯಿ ತಗದದ್ದು” ಎಂದರು.

ಆ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಚಾಂದವಡದ ಈರುಳ್ಳಿ ವ್ಯಾಪಾರಿಯೊಬ್ಬರು ಅಸಲು ಚಿತ್ರ ಅಂಗಡಿಯಲ್ಲಿದ್ದಾಗ ನೋಡಿ ಹಟ ಹಿಡಿದಿದ್ದರು. ನಚಿಕೇತರು, ಇದು ಬಸವಕುಮಾರನ ಮದುವೆಗೆಂದು ಇಟ್ಟದ್ದು, ಕೊಡಲಾರೆ ಎಂದರು. ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆಂದು ಮಾವ ಕಮಲಾಬಾಯಿಯಿಂದ ನಕಲು ತೆಗೆಸಿ ಕೊಟ್ಟರು. ಸಾವಕಾರರು ಖುಷಿಯಿಂದಲೇ ಒಯ್ದರು. ಈಗ ಅವರಿಲ್ಲ. ಮೊಮ್ಮಗನಿಗೆ ಅದು ನಕಲೆಂದು ಗೊತ್ತಿಲ್ಲ. ಹಿಂದೆ ಮೂರು ಗೆರೆ ಕಂಡು ಮಾರಿದ್ದಾನೆ.

ಕೊಂಡವರು ಮಧುಕರ ಅವರು. ಧಾರವಾಡದವರು, ಕೇಂದ್ರ ಸರಕಾರದ ಕೆಲಸದಲ್ಲಿ ವರ್ಗವಾಗಿ ಬಂದು ಸಂಭಾಜಿನಗರದಲ್ಲೇ ನಿವೃತ್ತರಾದವರು. ನಿವೃತ್ತಿಗೆ ಬಂದ ದುಡ್ಡಿನ ದೊಡ್ಡ ಪಾಲನ್ನು ಇದಕ್ಕೆ ಹಾಕಿದ್ದರು. ಪ್ರದರ್ಶನಕ್ಕೆಂದು ಈಗ ರವಿಕಾಂತನ ಕೈಗೆ ಕೊಟ್ಟಿದ್ದರು.

“ಇದು ನಕಲದ ಅಂತ ಅವರಿಗೆ ಹೇಳಿಯೋ ಇಲ್ಲೋ?” ಎಂದು ರವಿಕಾಂತನನ್ನು ಕೇಳಿದೆ.

“ತಗೊಳ್ಳೋಕಿಂತ ಮೊದಲು ನನಗ ಫೋನ್ ಮಾಡಿದ್ದರ್ರಿ. ಹಿಂದ ಮೂರು ಗೆರಿ ಅವ, ತಗೊಳ್ಳೇನು ಅಂತ. ನಮ್ಮವ್ವ ಹಚ್ಚಿದ ವಿಭೂತಿ ಅದ, ಕಣ್ಣು ಮುಚ್ಚಿ ತಗೋರಿ ಅಂದೆ. ಯಾವ ಚಿತ್ರ ಅಂತ ನಾ ಕೇಳಲಿಲ್ಲ. ಮನೀಗೆ ತಂದು ತೋರಿಸಿದಾಗ ನನ್ನ ಎದಿ ಧಸಕ್ಕಂತು.”

“ಆವಾಗರೆ ಹೇಳಬೇಕಿತ್ತಿಲ್ಲೋ?”

“ಹೆಂಗ ಹೇಳ್ಲಿ ವೈನಿ? ಇದೊಂದು ಸುಳ್ಳಂದ್ರ ಪುಸ್ತಿಕಿ ಸುಳ್ಳು. ಪುಸ್ತಿಕಿ ಸುಳ್ಳಂದ್ರ ಮೂರು ಗೆರಿ ಸುಳ್ಳು. ನಾಳೆ ನಮ್ಮ ಹತ್ರ ಯಾರು ಬರ್ತಾರ? ಐವತ್ತು ವರ್ಷದ ಹೆಸರು ಹೊಳೀಗೆ ಹೋಗ್ತದ. ನಿಮ್ಮ ಅಂಗಡೀನೂ ಹೋಗ್ತದ, ನನ್ನ ಅಂಗಡೀನೂ ಹೋಗ್ತದ.”

ಮೋಸ ಮಾಡುವ ಲಬಾಡನೇನಲ್ಲ ಅವನು, ಕೊರೋನಾದ ದಿನಗಳಲ್ಲಿ ಎರಡೂ ಮನೆಗೆ ಜೋಳ ಹಾಕಿದ್ದು ಅವನ ಅಂಗಡಿಯೇ. ಆಮೇಲೆ ಮೆಲ್ಲಗೆ ಅಂದ, “ಒಂದು ಉಪಾಯ ಅದ ವೈನಿ. ಮ್ಯಾಲಿನ ಚಿತ್ರ ಹೊರಗಿನವರು ಯಾರೂ ನೋಡಿಲ್ಲ. ಅದನ್ನ ಅಲ್ಮಾರಿಯೊಳಗ ಇಟ್ಟುಬಿಡ್ರಿ. ನೀವು ಬೇಕಂದಾಗ ತಗದು ನೋಡ್ರಿ. ಇದೇ ಅಸಲಂತ ನಡೀಲಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು.”

“ನನ್ನ ಗಂಡನ್ನ ಅಲ್ಮಾರಿಯೊಳಗ ಕೀಲಿ ಹಾಕಿ ಇಡಬೇಕೇನೋ ಭಾಡ್ಯಾ?” ಎಂದು ಕೂಗಿಬಿಟ್ಟೆ. ಎದುರಿನ ಫೇಡೆ ಅಂಗಡಿಯವನು ಇಣುಕಿ ನೋಡಿದ.

ರವಿಕಾಂತ ಹೋದ. ಗಾಜು ಹಾಕಿಡಿ, ಅವ್ವನನ್ನು ಕರೆದುಕೊಂಡು ಬರುವಾಗ ತನ್ನಿ, ವೇದಿಕೆಯ ಮೇಲೆ ಅವ್ವನಿಂದಲೇ ವಿಭೂತಿ ಹಚ್ಚಿಸಬೇಕು ಎಂದು ಹೇಳಿ ಹೋದ. ನಾನು ಗಾಜು ಹಾಕಿದೆ. ಕೆಲಸ ಕೆಲಸವೇ.

ಆ ವಾರವೆಲ್ಲ ತಲೆ ಕೆಟ್ಟುಹೋಗಿತ್ತು. ಬಾಯಿ ಮುಚ್ಚಿಕೊಂಡರೆ ಚಿತ್ರವೂ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಬಾಯಿ ಬಿಟ್ಟರೆ ಹೆಸರು ಹೋಗುತ್ತದೆ. ನನಗೆ ಬೇರೆ ಬದುಕು ಗೊತ್ತಿಲ್ಲ. ಮಗಳು ಮೈತ್ರೇಯಿ ಕಾಲೇಜು ಮುಗಿಸಿ ನನ್ನ ಜೊತೆ ಗ್ಯಾಲರಿಯಲ್ಲೇ ನಿಂತಿದ್ದಾಳೆ, ಅವಳದೂ ಇದೇ ಬದುಕು. ಆದರೆ ಧಾರವಾಡದ ಒಬ್ಬ ಮನುಷ್ಯ ನಮ್ಮ ಮಾತು ನಂಬಿ ಮುಪ್ಪಿನ ದುಡ್ಡು ಸುರಿದು ನಕಲನ್ನು ಗೋಡೆಗೆ ಹಾಕಿಕೊಂಡು ಕೂರುತ್ತಾನೆ, ನಾನು ದಿನಾ ಅಸಲನ್ನು ನೋಡುತ್ತ ಚಹಾ ಕುಡಿಯುತ್ತೇನೆ. ಅನ್ನ ಗಂಟಲಲ್ಲಿ ಇಳಿಯುವುದೆಂತು? ಹೇಳಿಯೇ ಬಿಡುತ್ತೇನೆ ಎಂದುಕೊಂಡೆ. ತೋರಿಸದೆ ಬರೀ ಹೇಳಿದರೆ ಯಾರು ನಂಬುತ್ತಾರೆ? ಹೊರಡುವ ದಿನ ಮಾಳಿಗೆಯ ಚಿತ್ರವನ್ನೂ ಇಳಿಸಿ ಕಾರಿನಲ್ಲಿಟ್ಟೆ. ತೋರಿಸಿ ವಾಪಸು ತರುವುದು, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಮೈತ್ರೇಯಿ ಗಾಡಿ ಓಡಿಸಿದಳು. ಯೇವಲಾ ದಾಟುವವರೆಗೆ ಸುಮ್ಮನಿದ್ದಳು. ಆಮೇಲೆ, “ಆಯಿ, ಕಾಕಾ ಖೂಪ್ ಚಿಡ್ತಾನ ನೋಡು” ಎಂದಳು. ಅವಳ ಕನ್ನಡ ಹಾಗೆಯೇ, ಅರ್ಧ ದಾರಿಯಲ್ಲಿ ಮರಾಠಿ ಹತ್ತಿಕೊಳ್ಳುತ್ತದೆ.

“ಸಿಟ್ಟಾಗಲಿ ತಗೋ. ಸಿಟ್ಟು ಅವನ ಮನೀ ಆಸ್ತಿ ಏನು, ನನಗೂ ಬರ್ತದ” ಎಂದೆ. ಹಿಂದಿನ ಸೀಟಿನಲ್ಲಿ ಅತ್ತೆ ಗೊರಕೆ ಹೊಡೆಯುತ್ತಿದ್ದರು.

ಸಂಭಾಜಿನಗರದ ಗ್ಯಾಲರಿಯಲ್ಲಿ ಚೆಂಡುಹೂವಿನ ತೋರಣ ಕಟ್ಟುತ್ತಿದ್ದರು. ಅತಿಥಿಗಳು ಬರುವುದು ಸಂಜೆಗೆ. ಮಧುಕರ ಅವರು ಮತ್ತು ಅವರ ಹೆಂಡತಿ ಸುಮನ ಆಗಲೇ ಬಂದಿದ್ದರು. ಮಧುಕರರು ಇಸ್ತ್ರಿಯ ಗೆರೆ ಮುರಿಯದ ಹೊಸ ಜುಬ್ಬಾ ಹಾಕಿಕೊಂಡಿದ್ದರು. ಸುಮನ ನನ್ನ ಕೈಗೆ ಫೇಡೆ ಇಟ್ಟು, “ಧಾರವಾಡದಿಂದನ ತರಿಸೇವ್ರಿ ಅಕ್ಕಾರ” ಎಂದರು. ಆ ಫೇಡೆ ನನ್ನ ಕೈಯಲ್ಲೇ ಉಳಿಯಿತು.

ಗಾಜು ಹಾಕಿದ ನಕಲನ್ನು ರವಿಕಾಂತ ಎದುರಿನ ಗೋಡೆಗೆ ತೂಗುಹಾಕಿದ. ನಾನು ಕಾರಿಗೆ ಹೋಗಿ ಅಸಲನ್ನು ತಂದು, ಅದರ ಕೆಳಗೇ ಒಂದು ಕುರ್ಚಿಯ ಮೇಲೆ ಇಟ್ಟು, ಚಾದರ ಎಳೆದೆ. ರವಿಕಾಂತನ ಮುಖ ಬಿಳಿಚಿತು.

ಮೊದಲು ನೋಡಿದವರು ಸುಮನ. “ಇದೇನ್ರೀ, ಎರಡವಲ್ಲಾ!”

ಮಧುಕರರು ಹತ್ತಿರ ಬಂದರು. ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದರು, ಎರಡನ್ನೂ ತಿರುಗಿಸಿದರು. “ಎರಡಕ್ಕೂ ಮೂರು ಗೆರಿ ಅವ” ಎಂದರು. “ಖರೇದು ಯಾವುದ್ರಿ?”

ನಾನು ಸುತ್ತಿ ಬಳಸಿ ಹೇಳಲಿಲ್ಲ. ಕುರ್ಚಿಯ ಮೇಲಿನದು ನಚಿಕೇತರದು, ಗೋಡೆಯದು ಕಮಲಾಬಾಯಿ ತೆಗೆದ ನಕಲು, ಚಾಂದವಡದವರಿಗೆ ನಕಲೆಂದು ಹೇಳಿಯೇ ಕೊಟ್ಟದ್ದು ಎಂದೆ.

ರವಿಕಾಂತ ನಡುವೆ ಬಾಯಿ ಹಾಕಿದ. “ಸರ, ವೈನಿಗೆ ಅಷ್ಟು ಗೊತ್ತಾಗಲ್ರಿ. ದೊಡ್ಡ ಕಲಾವಿದರು ಒಂದೇ ಚಿತ್ರ ಎರಡೆರಡು ಸಲ ತಗದಿರ್ತಾರ...”

ಮಧುಕರರು ಅವನ ಕಡೆ ನೋಡಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಅತ್ತೆಯ ಮುಂದೆ ಬಗ್ಗಿ ನಿಂತರು. “ತಾಯಿ, ಹಚ್ಚಿದವರು ನೀವು. ನೀವ ಹೇಳ್ರಿ. ಈ ಮೂರು ಗೆರಿ ಇದ್ದರ ಅಸಲು ಹೌದೋ ಅಲ್ಲೋ?”

ಅತ್ತೆ ಮಗನನ್ನು ನೋಡಿದರು. ಸಮಾರಂಭದ ದಿನವೆಂದು ರವಿಕಾಂತ ಬೆಳಗ್ಗೆಯೇ ಸ್ನಾನ ಮಾಡಿ ಹಣೆ ತುಂಬ ವಿಭೂತಿ ಧರಿಸಿದ್ದ.

“ಇವನ ಹಣೀಗೂ ಮೂರು ಗೆರಿ ಅವ ತಮ್ಮಾ” ಎಂದರು ಅತ್ತೆ. “ಅಷ್ಟಕ್ಕೇ ಇವ ಖರೇ ಮಾತಾಡ್ತಾನೇನು?”

ತೋರಣ ಕಟ್ಟುತ್ತಿದ್ದವರು ಏಣಿಯ ಮೇಲೆಯೇ ನಿಂತರು. ರವಿಕಾಂತ ಗೋಡೆಗೆ ಒರಗಿ ಕೆಳಗೆ ಕುಳಿತುಬಿಟ್ಟ. ಅತ್ತೆ ಮುಂದುವರಿಸಿದರು, “ಹೊಂಟ ಮನೀಗೆ ಸುಖವಾಗಿ ಮುಟ್ಟಲಿ ಅಂತ ಹಚ್ಚೋದು ತಮ್ಮಾ. ಮನೀ ಬಿಟ್ಟು ಹೋಗೋದು ಅಸಲಾದ್ರೇನು, ನಕಲಾದ್ರೇನು? ನಾ ಎಲ್ಲಕ್ಕೂ ಹಚ್ಚೀನಿ.”

ಮಧುಕರರು ಕೂಗಾಡುತ್ತಾರೆಂದು ನಾನು ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ. ಅವರು ಕೂಗಾಡಿದ್ದರೆ ಚೆನ್ನಾಗಿತ್ತು, ನಾನೂ ಕೂಗಾಡುತ್ತಿದ್ದೆ. ಅವರು ಜುಬ್ಬಾದ ತುದಿಯಿಂದ ಕನ್ನಡಕ ಒರೆಸಿಕೊಂಡರು.

“ನಾ ಪುಸ್ತಿಕಿ ನೋಡಿ ತಗೊಳ್ಳಲಿಲ್ಲ ಅಕ್ಕಾರ” ಎಂದರು. “ಪುಸ್ತಿಕಿ ಎಲ್ಲಾರೂ ಮಾಡಸ್ತಾರ. ಬ್ಯಾರೆಯವರ ಅಂಗಡಿ ಆಗಿದ್ದರ ನಾಕು ಮಂದೀನ ಕೇಳಿ, ಪುಣೇದಿಂದ ಯಾರನ್ನರ ಕರಿಸಿ ತೋರಸತಿದ್ದೆ. ಫೋನಿನ್ಯಾಗ ಇವರು ಕನ್ನಡದಾಗ ಅಂದರು, ನಮ್ಮವ್ವ ಹಚ್ಚಿದ ವಿಭೂತಿ ಅದ ಸರ, ಕಣ್ಣು ಮುಚ್ಚಿ ತಗೋರಿ ಅಂತ. ಇಷ್ಟು ವರ್ಷ ಪರ ಊರಾಗ ಇದ್ದು, ಅವ್ವ ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ನಾ ಖರೇನ ಕಣ್ಣು ಮುಚ್ಚಿಬಿಟ್ಟೆ.”

ಸುಮನ ಫೇಡೆಯ ಡಬ್ಬಿಯ ಮುಚ್ಚಳ ಹಾಕಿದರು.

ನನಗೆ ಎಲ್ಲರ ಮೇಲೂ ಸಿಟ್ಟು ಬಂತು. ನೆಲ ನೋಡುತ್ತ ಕುಳಿತ ರವಿಕಾಂತನ ಮೇಲೆ, ತಣ್ಣಗೆ ಮಾತಾಡುವ ಈ ಮನುಷ್ಯನ ಮೇಲೆ, ಎಲ್ಲಕ್ಕೂ ವಿಭೂತಿ ಎಳೆದ ಅತ್ತೆಯ ಮೇಲೆ. ಮಾವನಿದ್ದಿದ್ದರೆ ಏನು ಮಾಡುತ್ತಿದ್ದರು ಎಂದೆಲ್ಲ ನಾನು ಯೋಚಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಮನೆಯ ಮಾತನ್ನು ಈ ಮನೆಯವನೇ ಆಡಿ ಒಡೆದಿದ್ದ. ಅವ್ವನ ಆಣೆಯಂತೆ ಆಡಿದ ಮಾತು. ಬರೀ ತಪ್ಪಾಯಿತು ಎಂದು ಕೈಮುಗಿದು, ಅಸಲನ್ನು ಮತ್ತೆ ಚಾದರದಲ್ಲಿ ಸುತ್ತಿಕೊಂಡು ನಾಸಿಕಕ್ಕೆ ಒಯ್ಯುವುದು ಹೇಗೆ? ಒಯ್ದರೆ ಬೋರ್ಡಿನ ಮೇಲೆ ಬೀದರಕರ್ ಎಂದು ಇಟ್ಟುಕೊಳ್ಳಬೇಕಾದರೂ ಯಾಕೆ?

“ಸರ, ಅಸಲು ಅಂತ ಮಾತು ಕೊಟ್ಟೀವಿ. ಅಸಲು ತಗೋರಿ” ಎಂದೆ. “ಆ ಗ್ವಾಡೀದು ನಮಗ ಇರಲಿ.”

“ಆಯಿ!” ಮೈತ್ರೇಯಿ ನನ್ನ ತೋಳು ಹಿಡಿದಳು. “ಅದರಾಗ ಬಾಬಾ ಆಹೇತ! ವೇಡ್ ಲಾಗಲಂಯ್ ಕಾ ತುಲಾ?”

ಅದರಲ್ಲಿ ಅಪ್ಪ ಇದ್ದಾರೆ, ನಿನಗೇನು ಹುಚ್ಚೇ ಎಂದು ಅವಳು ಕೇಳಿದ್ದು. ಮಧುಕರರಿಗೂ ಅರ್ಥವಾಯಿತು, ಅಷ್ಟು ಮರಾಠಿ ಅವರಿಗೆ ಬರುತ್ತದೆ. “ಯಾರು ಇದ್ದಾರ?” ಎಂದರು.

ಮೂಲೆಯ ಯುವಕನನ್ನು ಬೆರಳಿನಿಂದ ತೋರಿಸಿದೆ. “ಇವರು ನಮ್ಮ ಮನೆಯವರು.”

ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಬೇಡ ಎನ್ನಲಿ ಎಂದು ನಾನು ಮನಸ್ಸಿನಲ್ಲಿ ಬಸವಣ್ಣನನ್ನು ನೆನೆದೆ. ಒಮ್ಮೆ ಬೇಡ ಎಂದರೆ ಸಾಕು, ನಾನು ಎರಡನೇ ಸಲ ತಗೋರಿ ಎನ್ನುತ್ತಿರಲಿಲ್ಲ, ಚಾದರ ಸುತ್ತಿಬಿಡುತ್ತಿದ್ದೆ. ಅವರು ಹೆಂಡತಿಯ ಮುಖ ನೋಡಿದರು. ಸುಮನ ಕುರ್ಚಿಯ ಕಡೆ ನೋಡಿದರು. ಅವರ ಮುಪ್ಪಿನ ದುಡ್ಡು ಆ ಕುರ್ಚಿಯ ಮೇಲಿತ್ತು.

“ತಗೋತೀನ್ರಿ” ಎಂದರು ಮಧುಕರರು. ಥ್ಯಾಂಕ್ಸ್ ಅನ್ನಲಿಲ್ಲ. ಅನ್ನುವ ಕಾರಣವೂ ಇರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ತೆಗೆದುಕೊಳ್ಳುತ್ತಿದ್ದೆ.

ರವಿಕಾಂತ ಎದ್ದು ನಕಲನ್ನು ಗೋಡೆಯಿಂದ ಇಳಿಸಿ, ಅಸಲನ್ನು ತೂಗುಹಾಕಿದ. ಅವನ ಕಣ್ಣಲ್ಲಿ ನೀರಿತ್ತು. “ವೈನಿ, ಅಣ್ಣನ್ನ ನಾ ಕಳದೆ” ಎಂದ. ನಾನು ಹೌದು ಎಂದೆ. ಸಮಾಧಾನ ಮಾಡುವಷ್ಟು ಒಳ್ಳೆಯವಳಲ್ಲ ನಾನು.

ಸಂಜೆ ಸಮಾರಂಭ ನಡೆಯಿತು. ಅವ್ವನ ಕೈಯಿಂದ ವಿಭೂತಿ ಹಚ್ಚಿಸುವ ಕಾರ್ಯಕ್ರಮ ಮಾಡಲಿಲ್ಲ. ರವಿಕಾಂತನೇ ಮೈಕು ಹಿಡಿದು, ಮೂರು ಗೆರೆಗೂ ಅಸಲಿಗೂ ಸಂಬಂಧವಿಲ್ಲ, ಪುಸ್ತಿಕೆಯಲ್ಲಿ ಹಾಕಿದ್ದು ತನ್ನ ತಪ್ಪು ಎಂದು ಹೇಳಿದ. ನಾನು ಹೇಳೆಂದು ಹೇಳಿರಲಿಲ್ಲ. ಉಳಿದ ಪುಸ್ತಿಕೆಗಳನ್ನು ಮರುದಿನ ರದ್ದಿಗೆ ಹಾಕಿದ.

ಹೆಸರು ಹೋಯಿತೇ ಎಂದು ಕೇಳುತ್ತೀರಿ. ಅರ್ಧ ಹೋಯಿತು, ಅರ್ಧ ಬೇರೆ ರೂಪದಲ್ಲಿ ಬಂತು. ಕೆಲವು ಹಳೆಯ ಗಿರಾಕಿಗಳು ಈ ಕಡೆ ತಲೆ ಹಾಕುತ್ತಿಲ್ಲ. ಇನ್ನು ಕೆಲವರ ಬಾಯಲ್ಲಿ ಕಥೆ ಬೆಳೆದು, ಬೀದರಕರರ ನಕಲು ತಂದು ಕೊಟ್ಟರೆ ಅವರು ಅಸಲು ಕೊಡುತ್ತಾರೆ ಎಂದಾಗಿದೆ. ಖುಲ್ತಾಬಾದಿನಿಂದ ಒಬ್ಬ ಮಹಾರಾಯ ಸಲೂನಿನ ಹಳೆಯ ಕನ್ನಡಿಯನ್ನು ಹೊತ್ತು ತಂದು, ಹಿಂದೆ ಮೂರು ಗೆರೆ ಇದೆ, ಇದರ ಅಸಲು ಕೊಡಿ ಎಂದು ಕುಳಿತ. “ಇದರಾಗ ನೋಡ್ಕೋ, ಅಸಲು ಕಾಣಸ್ತದ” ಎಂದು ಕಳಿಸಿದೆ.

ಮೈತ್ರೇಯಿ ಒಂದಷ್ಟು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಕೊನೆಗೆ ನಕಲನ್ನು ಅವಳೇ ಗ್ಯಾಲರಿಯ ಒಳಗೋಡೆಗೆ ಹಾಕಿದಳು. ಕೆಳಗೆ ‘ನಚಿಕೇತರ ಚಿತ್ರದ ನಕಲು, ತೆಗೆದವರು ಕಮಲಾಬಾಯಿ’ ಎಂದು ಚೀಟಿ ಅಂಟಿಸಿದ್ದಾಳೆ. ಮಾಳಿಗೆಯ ಕೋಣೆಯಲ್ಲಿ ಬರೀ ಮೊಳೆ ಇದೆ. ಬೆಳಗ್ಗೆ ಎದ್ದ ಕೂಡಲೇ ಕಣ್ಣು ಅಲ್ಲಿಗೇ ಹೋಗುತ್ತದೆ. ಮಧುಕರರ ಮನೆಗೆ ಹೋಗಿ ಕಸಿದುಕೊಂಡು ಬರೋಣ ಎನ್ನಿಸುವ ದಿನಗಳೂ ಇವೆ.

ಮೊನ್ನೆ ಒಬ್ಬಾಕೆ ಬಂದಿದ್ದರು, ಕಲಬುರಗಿಯವರು, ಬ್ಯಾಂಕಿನಲ್ಲಿ ಕೆಲಸ. ನಕಲನ್ನು ಬಹಳ ಇಷ್ಟಪಟ್ಟು ನೋಡಿದರು. ಮೂಲೆಯ ಯುವಕನ ಮೇಲೆ ಬೆರಳಿಟ್ಟು, “ಪಟ್ಟಿ ಹೊತ್ತು ಹೊಂಟಾರಲ್ಲ, ಇವರು ಯಾರ್ರಿ?” ಎಂದರು.

“ಇವ ಯಾರೋ ಗೊತ್ತಿಲ್ರಿ” ಎಂದೆ. “ನಮ್ಮ ಮನೆಯವರು ಸಂಭಾಜಿನಗರದಾಗ ಇರ್ತಾರ.”